ಉಗ್ಗಿಗೆ ಗಾಂಜಾ ಮದ್ದಾದೀತೇ? ಶ್ರಾವಕಧರ್ಮದ ದೃಷ್ಟಿಯಲ್ಲಿ ಒಂದು ವಿಚಾರ

“ನನ್ನ ಮಗ ಗಾಂಜಾ ಸೇದುತ್ತಾನೆ. ಸೇದಿದಾಗ ಮಾತು ತಡೆಯುವುದಿಲ್ಲವಂತೆ. ಹಾಗಾದರೆ ಅದನ್ನು ವ್ಯಸನವೆನ್ನಬೇಕೋ, ಔಷಧವೆನ್ನಬೇಕೋ?”

ಕಳೆದ ದಶಲಕ್ಷಣ ಪರ್ವದ ಒಂದು ಸಂಜೆ ಬಸದಿಯಲ್ಲಿ ಆರತಿ ಮುಗಿದು ಜನರು ಚದುರಿದ ಮೇಲೆ ಹಿರಿಯ ಶ್ರಾವಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಈ ಪ್ರಶ್ನೆಯನ್ನು ಕೇಳಿದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ನಡುವೆಯೇ ಅವರ ವ್ಯವಹಾರ, ನೆಂಟಸ್ತನ ಎಲ್ಲವೂ. ಅವರ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದು ಇಲ್ಲಿ ಅನವಶ್ಯಕ. ಮಗನಿಗೆ ಇಪ್ಪತ್ತೆರಡು ವರ್ಷ. ಚಿಕ್ಕಂದಿನಿಂದಲೂ ಉಗ್ಗು. ರಾಣೆಬೆನ್ನೂರಿನಲ್ಲಿ ಓದುವಾಗ ಗೆಳೆಯರ ಜೊತೆ ಗಾಂಜಾದ ಪರಿಚಯವಾಗಿದೆ. ಈಗ ತಂದೆಯ ಮೆಣಸಿನಕಾಯಿ ವ್ಯಾಪಾರಕ್ಕೆ ಕೈಜೋಡಿಸಿದ್ದಾನೆ. ಬ್ಯಾಡಗಿಯ ಮಾರುಕಟ್ಟೆಯೆಂದರೆ ಮಾತಿನ ಮಾರುಕಟ್ಟೆ. ಅಲ್ಲಿ ರೈತನೊಡನೆ ಮಾತು, ಖರೀದಿದಾರನೊಡನೆ ಮಾತು, ಹಮಾಲರೊಡನೆ ಮಾತು, ಇವೆಲ್ಲದರ ನಡುವೆ ಬಿಡುವಿಲ್ಲದ ದೂರವಾಣಿ. ಅಂತಹ ದಿನಗಳಲ್ಲಿ ಆ ಹುಡುಗ ಬೆಳಿಗ್ಗೆಯೇ ಸೇದಿ ಹೋಗತೊಡಗಿದ್ದಾನೆ. ತಂದೆ ಗದರಿಸಿದಾಗ ಅವನು ಕೊಟ್ಟ ಉತ್ತರವೇ ಮೇಲಿನ ಪ್ರಶ್ನೆಗೆ ಮೂಲ.

ಪ್ರಶ್ನೆಯನ್ನು ಕೇಳಿದ ಕೂಡಲೇ ‘ಅದು ವ್ಯಸನ, ಬಿಡಿಸಿ’ ಎಂದು ಹೇಳಿಬಿಡುವುದು ಸುಲಭವಾಗಿತ್ತು. ಆದರೆ ಹೇಳಲಾಗಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ನಿವೇದಿಸುತ್ತೇನೆ. ಮೊದಲು ವಿಷಯದ ಸತ್ಯಾಂಶವನ್ನು ತಿಳಿಯುವುದು ಅಗತ್ಯ. ತಿಳಿವಳಿಕೆಯಿಲ್ಲದ ಕರುಣೆಯೂ ತಿಳಿವಳಿಕೆಯಿಲ್ಲದ ಕೋಪವೂ ಒಂದೇ ಬಗೆಯ ಹಾನಿಯನ್ನು ಮಾಡುತ್ತವೆ.

ಉಗ್ಗು ಎಂದರೇನು?

ಉಗ್ಗು ನಾಲಿಗೆಯ ದೋಷವಲ್ಲ. ಬುದ್ಧಿಯ ಕೊರತೆಯೂ ಅಲ್ಲ. ಹೇಳಬೇಕಾದ ಮಾತು ಮನಸ್ಸಿನಲ್ಲಿ ಸ್ಪಷ್ಟವಾಗಿದ್ದರೂ ಅದನ್ನು ಧ್ವನಿಯಾಗಿ ಹೊರಡಿಸುವ ಮೆದುಳಿನ ಕಾಲಗತಿಯಲ್ಲಿ ಆಗುವ ತೊಡಕು ಅದು. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಇದು ಕಾಣಿಸಿಕೊಳ್ಳುತ್ತದೆ. ನೂರು ಮಕ್ಕಳಲ್ಲಿ ಐದು ಮಂದಿಗಾದರೂ ಒಂದಲ್ಲ ಒಂದು ಕಾಲದಲ್ಲಿ ಉಗ್ಗು ಇರುತ್ತದೆ. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳು ಬೆಳೆಯುತ್ತ ಅದರಿಂದ ಹೊರಬರುತ್ತಾರೆ. ವಯಸ್ಕರಲ್ಲಿ ಉಳಿಯುವುದು ಸುಮಾರು ನೂರಕ್ಕೆ ಒಬ್ಬರಲ್ಲಿ. ಅವರಲ್ಲಿ ಗಂಡಸರೇ ಹೆಚ್ಚು. 2011ರ ಜನಗಣತಿಯ ಪ್ರಕಾರ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ. ನೂರಕ್ಕೆ ಒಬ್ಬರೆಂಬ ಅಂದಾಜನ್ನು ಇಲ್ಲಿಗೆ ಅನ್ವಯಿಸಿದರೆ ನಮ್ಮ ಜಿಲ್ಲೆಯೊಂದರಲ್ಲಿಯೇ ಉಗ್ಗುವವರು ಹದಿನಾರು ಸಾವಿರದಷ್ಟು ಆಗುತ್ತಾರೆ. ಇಷ್ಟು ಜನರು ನಮ್ಮ ಕಣ್ಣಿಗೆ ಬೀಳದಿರುವುದೇಕೆ? ಅವರು ಮಾತನಾಡುವುದನ್ನು ಬಿಟ್ಟಿರುವುದರಿಂದ.

ಇದು ಅನೇಕ ವೇಳೆ ವಂಶದಲ್ಲಿ ಹರಿದುಬರುತ್ತದೆ. 2010ರಲ್ಲಿ ಅಮೆರಿಕದ ವಿಜ್ಞಾನಿ ಡೆನ್ನಿಸ್ ಡ್ರೇನಾ ಮತ್ತು ಸಂಗಡಿಗರು ಪಾಕಿಸ್ತಾನದ ದೊಡ್ಡ ಕುಟುಂಬವೊಂದರ ಅಧ್ಯಯನದಿಂದ ಆರಂಭಿಸಿ, ಉಗ್ಗಿನೊಡನೆ ಸಂಬಂಧವುಳ್ಳ ಮೂರು ವಂಶವಾಹಿಗಳನ್ನು ಗುರುತಿಸಿದರು. ಎಲ್ಲರ ಉಗ್ಗಿಗೂ ಇವೇ ಕಾರಣವಲ್ಲ. ಆದರೆ ‘ತಾಯಿ ಹೆದರಿಸಿದಳು, ಹುಡುಗ ಉಗ್ಗಿದ’, ‘ಯಾರನ್ನೋ ಅಣಕಿಸಿದ, ಅದೇ ಅಂಟಿತು’ ಎಂಬ ನಮ್ಮ ಹಳೆಯ ಮಾತುಗಳಿಗೆ ಆಧಾರವಿಲ್ಲವೆಂಬುದು ಇದರಿಂದ ದೃಢಪಟ್ಟಿತು. ಭಯವು ಉಗ್ಗನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ಉಗ್ಗನ್ನು ಬೆಳೆಸುತ್ತದೆ.

ಉಗ್ಗಿನ ಒಂದು ಸ್ವಭಾವವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಅದು ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಒಬ್ಬನೇ ಇದ್ದಾಗ, ಎಳೆಯ ಮಗುವಿನೊಡನೆ ಅಥವಾ ಸಾಕುಪ್ರಾಣಿಯೊಡನೆ ಆಡುವಾಗ, ಹಾಡುವಾಗ ಅದು ಬಹುಮಟ್ಟಿಗೆ ಮಾಯವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಲವರೊಡನೆ ಒಂದೇ ಧ್ವನಿಯಲ್ಲಿ ಪಠಿಸುವಾಗ ಉಗ್ಗು ಇರುವುದೇ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಬಸದಿಯಲ್ಲಿ ಎಲ್ಲರೂ ಕೂಡಿ ಣಮೋಕಾರ ಮಂತ್ರವನ್ನು ಹೇಳುವಾಗ ಉಗ್ಗುವ ಹುಡುಗನ ಧ್ವನಿಯೂ ಉಳಿದವರ ಧ್ವನಿಯಂತೆಯೇ ಹರಿಯುತ್ತದೆ. ಅವನನ್ನೇ ಎಬ್ಬಿಸಿ ನಿಲ್ಲಿಸಿ, ‘ನೀನೊಬ್ಬನೇ ಹೇಳು’ ಎಂದರೆ ಮೊದಲ ಅಕ್ಷರದಲ್ಲಿಯೇ ನಿಂತುಬಿಡುತ್ತಾನೆ. ಮಾತನಾಡುವ ಶಕ್ತಿ ಅವನಲ್ಲಿ ಇದೆಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಗಾಂಜಾ ಏನು ಮಾಡುತ್ತದೆ?

ಗಾಂಜಾ ಗಿಡದಲ್ಲಿ ಅನೇಕ ರಾಸಾಯನಿಕ ಅಂಶಗಳಿವೆ. ಅಮಲನ್ನು ತರುವ ಮುಖ್ಯ ಅಂಶಕ್ಕೆ ಟಿ.ಎಚ್.ಸಿ. ಎಂದು ಹೆಸರು. ಕ್ಯಾನಬಿಡಿಯಾಲ್ ಎಂಬ ಇನ್ನೊಂದು ಅಂಶ ಅಮಲನ್ನು ತರುವುದಿಲ್ಲ. ಇವೆರಡನ್ನು ಬೇರೆಬೇರೆಯಾಗಿ ನೋಡದಿದ್ದರೆ ವಿಚಾರವೆಲ್ಲ ಗೊಂದಲವಾಗುತ್ತದೆ.

ಸಭೆಯ ಮುಂದೆ ಮಾತನಾಡುವ ಭಯದ ಮೇಲೆ ಇವುಗಳ ಪರಿಣಾಮವನ್ನು ಪರೀಕ್ಷಿಸಿದ್ದಾರೆ. 2011ರಲ್ಲಿ ಬ್ರೆಜಿಲ್ ದೇಶದಲ್ಲಿ, ಸಮಾಜದ ಮುಂದೆ ಬರಲು ತೀವ್ರವಾಗಿ ಅಂಜುವ 24 ಮಂದಿಯಲ್ಲಿ ಅರ್ಧ ಜನರಿಗೆ ಶುದ್ಧ ಕ್ಯಾನಬಿಡಿಯಾಲನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಕೊಟ್ಟು ಭಾಷಣ ಮಾಡಿಸಿದರು. ಕ್ಯಾನಬಿಡಿಯಾಲ್ ಪಡೆದವರ ಆತಂಕ ಕಡಿಮೆಯಿತ್ತು. 2017ರಲ್ಲಿ ಶಿಕಾಗೋ ನಗರದಲ್ಲಿ ಆರೋಗ್ಯವಂತರಾದ 42 ಮಂದಿಯಲ್ಲಿ ಟಿ.ಎಚ್.ಸಿ.ಯ ಪರಿಣಾಮವನ್ನು ತಿಳಿಯಲು ಇದೇ ಬಗೆಯ ಪರೀಕ್ಷೆ ನಡೆಸಿದರು. 7.5 ಮಿಲಿಗ್ರಾಂ ಪಡೆದವರಿಗೆ ಒತ್ತಡ ತುಸು ತಗ್ಗಿತು. 12.5 ಮಿಲಿಗ್ರಾಂ ಪಡೆದವರ ಮನಸ್ಸು ಇನ್ನಷ್ಟು ಕೆಟ್ಟಿತು. ಮಾತಿನ ಕೆಲಸವೂ ಹದಗೆಟ್ಟಿತು. ಐದು ಮಿಲಿಗ್ರಾಂ ಎಂದರೆ ಬಹಳ ಅಲ್ಪವಾದ ತೂಕ. ಅಷ್ಟರಲ್ಲಿಯೇ ನೆಮ್ಮದಿಯು ಕಳವಳವಾಗಿ ಮಾರ್ಪಡುತ್ತದೆ. ಚಿಲುಮೆಯಲ್ಲಿಯೋ ಬೀಡಿಯಲ್ಲಿಯೋ ಸೇದುವವನಿಗೆ ತಾನು ಎಳೆದದ್ದು ಎಷ್ಟೆಂಬುದನ್ನು ತಿಳಿಯಲು ಯಾವ ಮಾರ್ಗವೂ ಇಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಈ ಪರೀಕ್ಷೆಗಳು ಅಳೆದದ್ದು ಭಯವನ್ನು, ಉಗ್ಗನ್ನಲ್ಲ. ಉಗ್ಗಿನ ಚಿಕಿತ್ಸೆಗೆಂದು ಗಾಂಜಾವನ್ನು ಯಾವ ದೇಶದ ವೈದ್ಯ ಪದ್ಧತಿಯೂ ಪ್ರಮಾಣೀಕರಿಸಿಲ್ಲ. ಉಗ್ಗಿಗಾಗಿ ಇದುವರೆಗೆ ಪ್ರಯೋಗಿಸಿ ನೋಡಿದ ಔಷಧಿಗಳಲ್ಲಿ ಬಹುಪಾಲು ಮೆದುಳಿನ ಡೋಪಮೈನ್ ಎಂಬ ದ್ರವ್ಯದ ಪ್ರಭಾವವನ್ನು ತಗ್ಗಿಸುವಂಥವು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಟಿ.ಎಚ್.ಸಿ. ಅದೇ ದ್ರವ್ಯವನ್ನು ತತ್ಕಾಲಕ್ಕೆ ಹೆಚ್ಚಿಸುವುದು ಕಂಡುಬಂದಿದೆ. ಆಡುವ ಪದವನ್ನು ನೆನಪಿನಲ್ಲಿ ಹಿಡಿದುಕೊಳ್ಳುವ ಶಕ್ತಿಯನ್ನೂ ಕಾಲದ ಅರಿವನ್ನೂ ಅದು ಕುಗ್ಗಿಸುತ್ತದೆ. ಉಗ್ಗು ಮಾತಿನ ಕಾಲಗತಿಯ ತೊಡಕು ಎಂಬುದನ್ನು ನೆನೆದರೆ, ಇಂತಹ ದ್ರವ್ಯದಿಂದ ಅದು ವಾಸಿಯಾಗುವುದೆಂದು ನಿರೀಕ್ಷಿಸಲು ಆಧಾರವಿಲ್ಲ.

ಅಪಾಯಗಳು ಮಾತ್ರ ಸ್ಪಷ್ಟವಾಗಿವೆ. ಗಾಂಜಾ ಬಳಸುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರು ಅದಕ್ಕೆ ಅಧೀನರಾಗುತ್ತಾರೆ; ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಆರಕ್ಕೆ ಒಬ್ಬರು. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ತರುಣರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತಕ್ಕಿಂತ ಹೆಚ್ಚು ಬಾರಿ ಗಾಂಜಾ ಬಳಸಿದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಪ್ರಮಾಣ ಆರು ಪಟ್ಟು ಕಂಡುಬಂದಿತು. ಗಾಂಜಾವೊಂದೇ ಅದಕ್ಕೆ ಕಾರಣವೆಂದು ಹೇಳಲಾಗದು. ಆದರೂ ಅನಂತರದ ಅಧ್ಯಯನಗಳು ಆ ಎಚ್ಚರಿಕೆಯನ್ನು ಬಲಪಡಿಸಿವೆಯೇ ಹೊರತು ಸಡಿಲಿಸಿಲ್ಲ. ಕಾನೂನಿನ ಮಾತೂ ಉಂಟು. 1985ರ ಮಾದಕ ವಸ್ತುಗಳ ಕಾಯಿದೆಯು ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿಯನ್ನು ಗಾಂಜಾ ಎಂದು ನಿರ್ದೇಶಿಸಿ, ಅದನ್ನು ಇಟ್ಟುಕೊಳ್ಳುವುದನ್ನೂ ಸೇವಿಸುವುದನ್ನೂ ಅಪರಾಧವೆಂದು ಸಾರುತ್ತದೆ.

ತರುಣನ ಅನುಭವ ಸುಳ್ಳೇ?

ಹಾಗಾದರೆ ಆ ತರುಣ ತಂದೆಗೆ ಸುಳ್ಳು ಹೇಳಿದನೇ? ಹಾಗೆನ್ನುವುದು ನಮ್ಮ ಅನೇಕಾಂತ ದೃಷ್ಟಿಗೆ ಒಪ್ಪುವ ಮಾತಲ್ಲ. ಅವನ ಮಾತು ಒಂದು ನಯದಿಂದ ಸತ್ಯವೇ. ಆ ಸಂಜೆ ಅವನು ಉಗ್ಗದೆ ಮಾತನಾಡಿರಬೇಕು. ಆದರೆ ಆ ಸಂಜೆಯಲ್ಲಿ ಗಾಂಜಾ ಮಾತ್ರವೇ ಇತ್ತೆ? ಅಲ್ಲಿ ಗೆಳೆಯರಿದ್ದರು. ಅವಸರವಿರಲಿಲ್ಲ. ಯಾರೂ ಅವನ ಬಾಯನ್ನು ನೋಡುತ್ತಿರಲಿಲ್ಲ. ಎಲ್ಲರ ಮಾತೂ ಒಂದಿಷ್ಟು ತೊದಲುತ್ತಿದ್ದುದರಿಂದ ಇವನ ಮಾತು ಬೇರೆಯಾಗಿ ತೋರಲಿಲ್ಲ. ಜೀವಮಾನದಲ್ಲಿಯೇ ಮೊದಲ ಬಾರಿಗೆ ಅವನು ತೀರ್ಪುಗಾರರಿಲ್ಲದ ಸಭೆಯೊಂದರಲ್ಲಿ ಕುಳಿತಿದ್ದ. ಅಂತಹ ಸಭೆಯಲ್ಲಿ ಬರಿಯ ನೀರು ಕುಡಿದಿದ್ದರೂ ಅವನ ಮಾತು ಹರಿಯುತ್ತಿತ್ತು.

ಉಗ್ಗು ದಿನದಿಂದ ದಿನಕ್ಕೆ, ಸನ್ನಿವೇಶದಿಂದ ಸನ್ನಿವೇಶಕ್ಕೆ ಏರಿಳಿಯುವ ಕಾರಣದಿಂದಲೇ, ಒಬ್ಬನ ಒಂದು ದಿನದ ಅನುಭವವನ್ನು ಔಷಧದ ಗುಣವೆಂದು ಸ್ವೀಕರಿಸಲು ಬರುವುದಿಲ್ಲ. ಅದೇ ಗಾಂಜಾದಿಂದ ಮಾತು ಇನ್ನೂ ಕೆಟ್ಟಿತೆಂದು ಹೇಳುವ ಉಗ್ಗುವವರೂ ಇದ್ದಾರೆ. ಮಾರುಕಟ್ಟೆಯ ದಿನ ಬೆಳಿಗ್ಗೆ ಸೇದಿ ಹೋದಾಗ ಏನಾಯಿತೆಂದು ನಾನು ಆ ತರುಣನನ್ನೇ ಕೇಳಿದೆ. ಅವನು ತಲೆ ತಗ್ಗಿಸಿ, “ಉಗ್ಗು ಅಷ್ಟೇ ಇತ್ತು, ಚಿಂತೆ ಮಾತ್ರ ಇರಲಿಲ್ಲ, ಲೆಕ್ಕವೂ ತಪ್ಪಿತು” ಎಂದ. ಈ ಪ್ರಾಮಾಣಿಕ ಉತ್ತರದಲ್ಲಿ ವಿಷಯದ ಸಾರವೆಲ್ಲ ಅಡಗಿದೆ. ಗಾಂಜಾ ಉಗ್ಗನ್ನು ಮುಟ್ಟಲಿಲ್ಲ. ಉಗ್ಗಿನ ಮೇಲೆ ಕುಳಿತಿದ್ದ ಅಂಜಿಕೆಯನ್ನು ಕೆಲಹೊತ್ತು ಮರಗಟ್ಟಿಸಿತು. ಜೊತೆಗೆ ಎಚ್ಚರವನ್ನೂ ಮರಗಟ್ಟಿಸಿತು.

ಶಾಸ್ತ್ರದ ನಿಲುವು

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜೇನು ಮತ್ತು ಮಾಂಸವನ್ನು ತ್ಯಜಿಸುವುದಕ್ಕೆ ಒಂದು ಕಾರಣವನ್ನೂ, ಮದ್ಯವನ್ನು ತ್ಯಜಿಸುವುದಕ್ಕೆ ಮತ್ತೊಂದು ಕಾರಣವನ್ನೂ ಹೇಳಿರುವುದು ಗಮನಾರ್ಹ. ಮೊದಲಿನವುಗಳಲ್ಲಿ ತ್ರಸಜೀವಗಳ ಹಿಂಸೆಯುಂಟು. ಮದ್ಯವನ್ನು ಬಿಡಬೇಕಾದುದು ಪ್ರಮಾದವನ್ನು ಬಿಡುವ ಸಲುವಾಗಿ. ಅಮೃತಚಂದ್ರಾಚಾರ್ಯರೂ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದೇ ಸರಣಿಯನ್ನು ಬಿಡಿಸಿ ತೋರಿದ್ದಾರೆ: ಅಮಲು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಶಂಕೆಯಿಲ್ಲದೆ ಹಿಂಸೆಗೆ ಇಳಿಯುತ್ತಾನೆ. ಗಾಂಜಾ ಹಸುರು ಗಿಡವಾದ ಮಾತ್ರಕ್ಕೆ, ಅದರಲ್ಲಿ ಹುಳಿಯಿಸಿದ ದ್ರವವಿಲ್ಲವಾದ ಮಾತ್ರಕ್ಕೆ ಈ ನಿಷೇಧದಿಂದ ಹೊರಗುಳಿಯದು. ಪ್ರಮಾದವೇ ದೋಷವಾದ ಮೇಲೆ, ಅದು ಬಟ್ಟಲಿನಿಂದ ಬಂದರೇನು, ಹೊಗೆಯಿಂದ ಬಂದರೇನು?

ಆದರೆ ಇದೇ ಶಾಸ್ತ್ರವು ಔಷಧದಾನವನ್ನು ನಾಲ್ಕು ದಾನಗಳಲ್ಲಿ ಒಂದಾಗಿ ಎಣಿಸಿದೆ. ಆದುದರಿಂದ ‘ಗಿಡವೇ ಪಾಪ’ ಎಂಬ ಅತಿರೇಕಕ್ಕೂ ಹೋಗಬೇಕಾಗಿಲ್ಲ. ಇದೇ ಗಿಡದ ಎಲೆ ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನಿಂದ ಬಳಕೆಯಲ್ಲಿದೆ. ಸರ್ಕಾರದ ಔಷಧ ನಿಯಮಗಳು ಅದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸತಕ್ಕ ವಿಷದ್ರವ್ಯಗಳ ಪಟ್ಟಿಯಲ್ಲಿ ಇಟ್ಟಿವೆ. ಶುದ್ಧೀಕರಿಸಿದ ಕ್ಯಾನಬಿಡಿಯಾಲನ್ನು 2018ರಲ್ಲಿ ಅಮೆರಿಕ ದೇಶವು ಮಕ್ಕಳ ಎರಡು ಬಗೆಯ ಕಠಿಣ ಮೂರ್ಛೆರೋಗಗಳಿಗೆ ಔಷಧವೆಂದು ಅಂಗೀಕರಿಸಿತು. ಅಂತಹ ರೋಗದ ಮಗುವಿಗೆ ವೈದ್ಯನು ಅದನ್ನು ಕೊಟ್ಟರೆ ಯಾವ ಶ್ರಾವಕನೂ ಅಡ್ಡಬರಲಾರನು. ಔಷಧಕ್ಕೆ ನಾಲ್ಕು ಲಕ್ಷಣಗಳುಂಟು: ಇಂತಹ ರೋಗಕ್ಕೆಂಬ ನಿಶ್ಚಯ, ಇಷ್ಟೇ ಪ್ರಮಾಣವೆಂಬ ಮಿತಿ, ಇಂತಹ ಹಾನಿಯುಂಟೆಂಬ ಅರಿವು, ನೋಡಿಕೊಳ್ಳುವ ಹೊಣೆಗಾರನೊಬ್ಬನ ಇರುವಿಕೆ. ನಮ್ಮ ತರುಣನು ಮರದ ಕೆಳಗೆ ಸೇದಿದ ಗಾಂಜಾದಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಅದು ಔಷಧವಲ್ಲವೆಂದು ಹೇಳಲು ಇಷ್ಟು ಸಾಕು.

ಪ್ರಶ್ನೆಯ ಮೊದಲ ಅರ್ಧಕ್ಕೆ ಇದು ಉತ್ತರ. ನಾನು ಆ ತಂದೆಗೆ ಇಷ್ಟನ್ನು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ತರುಣನಿಗೆ ಅಂಜಿಕೆಯನ್ನು ಕೊಟ್ಟವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಹೇಳಬೇಕಾದವರಲ್ಲಿ ನಾನೂ ಒಬ್ಬ.

ಅಂಜಿಕೆಯ ಮೂಲ

ಹದಿಮೂರು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ನಾನು ಮಕ್ಕಳ ಧಾರ್ಮಿಕ ಪಾಠಶಾಲೆಯನ್ನು ನಡೆಸುತ್ತಿದ್ದೆ. ಇದೇ ಹುಡುಗ ಅಲ್ಲಿಗೆ ಬರುತ್ತಿದ್ದ. ಸಾಮೂಹಿಕ ಪಠಣದಲ್ಲಿ ಅವನ ಧ್ವನಿ ಎಲ್ಲರಿಗಿಂತ ಸ್ಫುಟವಾಗಿತ್ತು. ಸಮಾರೋಪದ ದಿನ ಪಾಲಕರ ಸಭೆಯಲ್ಲಿ ಭಕ್ತಾಮರ ಸ್ತೋತ್ರದ ಶ್ಲೋಕವನ್ನು ಒಬ್ಬನೇ ಹೇಳಲೆಂದು ಅವನನ್ನು ನಿಲ್ಲಿಸಿದೆ. ಮೊದಲ ಅಕ್ಷರದಲ್ಲಿಯೇ ಅವನ ತುಟಿ ಬಿಗಿಯಿತು. ನಾನು “ನಿಧಾನ, ನಿಧಾನ, ಉಸಿರೆಳೆದುಕೋ” ಎಂದೆ. ಮತ್ತೆ ಬಿಗಿಯಿತು. ಹಿಂದಿನ ಸಾಲಿನಿಂದ ನಗೆ ಕೇಳಿಬಂತು. ಮುಜುಗರವನ್ನು ಮುಚ್ಚಿಕೊಳ್ಳಲು ನಾನೂ ನಕ್ಕೆ. ಶ್ಲೋಕವನ್ನು ನಾನೇ ಮುಗಿಸಿ, ಅವನ ಬೆನ್ನು ತಟ್ಟಿ ಕೂರಿಸಿದೆ. ಮರುವರ್ಷ ಅವನು ಪಾಠಶಾಲೆಗೆ ಬರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ತಂದೆಗೆ ಆ ದಿನ ನೆನಪಿರಲಿಲ್ಲ. ಮಗನಿಗೆ ನೆನಪಿತ್ತು. “ಸರ್, ನೀವೂ ನಕ್ಕಿರಿ” ಎಂದು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಈ ಬಾರಿ ನಾನು ಅವನ ಮಾತನ್ನು ಮುಗಿಸಲು ಹೋಗಲಿಲ್ಲ.

ಮಾತಿನ ಹಿಂಸೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇತಿಹಾಸದಲ್ಲಿ ಒಂದು ಕಠೋರ ನಿದರ್ಶನವಿದೆ. 1939ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ 22 ಅನಾಥ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಸರಿಯಾಗಿ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೂ ‘ನಿನಗೆ ಉಗ್ಗು ಬರುತ್ತಿದೆ, ತಪ್ಪಿಲ್ಲದೆ ಆಡಲು ಬಾರದಿದ್ದರೆ ಬಾಯಿ ತೆರೆಯಬೇಡ’ ಎಂಬರ್ಥದ ಮಾತುಗಳನ್ನು ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ನಿಜವಾಗಿ ಉಗ್ಗುವವರಾಗಲಿಲ್ಲ. ಆದರೆ ಮೌನಿಗಳಾದರು, ಅಂಜುಬುರುಕರಾದರು. ಕೆಲವರು ಆ ಗಾಯವನ್ನು ಮುಪ್ಪಿನವರೆಗೂ ಹೊತ್ತರು. ವಿಶ್ವವಿದ್ಯಾಲಯವು 2001ರಲ್ಲಿ ಕ್ಷಮೆ ಕೇಳಿತು. 2007ರಲ್ಲಿ ರಾಜ್ಯವು ಪರಿಹಾರ ಕೊಟ್ಟಿತು. ಅವರು ಪ್ರಯೋಗಕ್ಕಾಗಿ ಮಾಡಿದ್ದನ್ನು ನಾವು ಮನೆಯಲ್ಲಿ, ಶಾಲೆಯಲ್ಲಿ, ಬಸದಿಯ ಸಭೆಯಲ್ಲಿ ಪ್ರೀತಿಯ ಹೆಸರಿನಿಂದ ಮಾಡುತ್ತಿದ್ದೇವೆ.

ನಮ್ಮಲ್ಲಿ ಇನ್ನೊಂದು ಮಾತು ರೂಢಿಯಲ್ಲಿದೆ: ‘ಅವನ ಕರ್ಮ.’ ಸುಸ್ವರ, ದುಃಸ್ವರಗಳು ನಾಮಕರ್ಮದ ಪ್ರಕೃತಿಗಳೆಂದು ಶಾಸ್ತ್ರ ಹೇಳುವುದು ನಿಜ. ಆದರೆ ಕರ್ಮಸಿದ್ಧಾಂತವು ತನ್ನನ್ನು ತಾನು ನೋಡಿಕೊಳ್ಳಲು ಕೊಟ್ಟ ಕನ್ನಡಿ. ಪರರನ್ನು ಅಳೆಯಲು ಕೊಟ್ಟ ಕೋಲಲ್ಲ. ಅವನ ನಾಲಿಗೆ ತಡೆಯುವುದು ಅವನ ಕರ್ಮದ ಉದಯವಾದರೆ, ಅದನ್ನು ಕಂಡು ನಗುವುದು ನಮ್ಮ ಹೊಸ ಕರ್ಮದ ಬಂಧ. ಉದಯಕ್ಕೆ ಬಂದುದನ್ನು ಅವನು ಸಹಿಸಿ ನಿರ್ಜರೆ ಮಾಡಿಕೊಳ್ಳಬಲ್ಲ. ನಾವು ಕಟ್ಟಿಕೊಂಡುದಕ್ಕೆ ಹೊಣೆ ಯಾರು? ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೆಂದರೆ ಪರರ ದೇಹಸ್ಥಿತಿಗೆ ಜುಗುಪ್ಸೆಪಡದಿರುವುದು. ಎಂಟು ಮದಗಳಲ್ಲಿ ಜ್ಞಾನಮದವೂ ಶರೀರಮದವೂ ಇವೆ. ನಿರರ್ಗಳವಾಗಿ ಮಾತನಾಡುವವನಿಗೆ ತನ್ನ ಮಾತಿನ ಮೇಲಿರುವ ಹೆಮ್ಮೆ ಈ ಎರಡು ಮದಗಳ ಕೂಸು.

ತೀರ್ಥಂಕರರ ದಿವ್ಯಧ್ವನಿಯ ವಿಷಯದಲ್ಲಿ ನಮ್ಮ ಪರಂಪರೆಯ ನಂಬಿಕೆಯನ್ನೂ ಇಲ್ಲಿ ನೆನೆಯಬೇಕು. ಅದು ತುಟಿ, ನಾಲಿಗೆಗಳ ಚಲನೆಯಿಲ್ಲದೆ ಹೊರಡುತ್ತದೆ. ಸಮವಸರಣದಲ್ಲಿ ಕುಳಿತ ಪ್ರತಿಯೊಂದು ಜೀವವೂ ತನ್ನ ತನ್ನ ಭಾಷೆಯಲ್ಲಿ ಅದನ್ನು ಗ್ರಹಿಸುತ್ತದೆ. ಪರಮೋಚ್ಚ ವಾಣಿಯನ್ನೇ ತುಟಿಯ ಚಾತುರ್ಯದಿಂದ ಬೇರ್ಪಡಿಸಿ ಕಂಡ ಧರ್ಮದ ಅನುಯಾಯಿಗಳು, ಒಬ್ಬ ಬಾಲಕನ ಭಕ್ತಿಯನ್ನು ಅವನ ತುಟಿಯ ಓಟದಿಂದ ಅಳೆಯುವುದು ಸಂಗತವೇ?

ನಮ್ಮ ಜಿಲ್ಲೆಯ ಬಂಕಾಪುರಕ್ಕೆ ಜೈನ ಸಾಹಿತ್ಯದಲ್ಲಿ ದೊಡ್ಡ ಸ್ಥಾನವಿದೆ. ಜಿನಸೇನಾಚಾರ್ಯರು ಅಪೂರ್ಣವಾಗಿ ಬಿಟ್ಟುಹೋದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಆ ಉತ್ತರಪುರಾಣಕ್ಕೆ ಬಂಕಾಪುರದಲ್ಲಿ ಕ್ರಿ.ಶ. 898ರ ಸುಮಾರಿಗೆ ಪೂಜೆ ಸಂದಿತೆಂದು ಅದರ ಪ್ರಶಸ್ತಿಯಿಂದ ತಿಳಿಯುತ್ತದೆ. ಗುರುವಿನ ಮಾತನ್ನು ಶಿಷ್ಯನು ಮುಗಿಸಿದ್ದು ಗುರು ಇಲ್ಲವಾದ ಮೇಲೆ. ನಮ್ಮ ಮುಂದೆ ಜೀವಂತವಾಗಿ ನಿಂತು ಮುಂದಿನ ಅಕ್ಷರಕ್ಕಾಗಿ ಹೆಣಗುತ್ತಿರುವವನ ಮಾತನ್ನು ಮುಗಿಸಲು ನಮಗೆ ಅಧಿಕಾರವಿಲ್ಲ. ಅವನಿಗೆ ಬೇಕಾದುದು ಕಾಲ ಮಾತ್ರ.

ಮಾಡಬೇಕಾದುದೇನು?

ಮೊದಲನೆಯದಾಗಿ, ಇಂತಹ ಮನೆಯ ಸುದ್ದಿಯನ್ನು ಊರಿಗೆ ಹಂಚಬಾರದು. ಏಕಾಂತದ ಸಂಗತಿಯನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನವು ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು. ಸುದ್ದಿ ನಿಜವಾದರೂ ಅದು ಅತಿಚಾರವೇ. ಜಾರಿದವನನ್ನು ಮತ್ತೆ ನಿಲ್ಲಿಸುವ ಸ್ಥಿತಿಕರಣವು ಸಮ್ಯಕ್ತ್ವದ ಅಂಗ. ಅವನನ್ನು ದೂರವಿಡುವುದು ಯಾವ ಅಂಗವೂ ಅಲ್ಲ.

ಎರಡನೆಯದಾಗಿ, ಗಾಂಜಾ ಮತ್ತು ಉಗ್ಗು ಎರಡಕ್ಕೂ ಬೇರೆಬೇರೆ ಚಿಕಿತ್ಸೆ ಬೇಕು. ಒಂದನ್ನು ಬಿಡಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಅಂಜಿಕೆ ಮತ್ತೊಂದು ಅಮಲನ್ನು ಹುಡುಕುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ನಮಗೆ ದೂರವೇನಲ್ಲ. ವ್ಯಸನಮುಕ್ತಿಗೆ 14446, ಮಾನಸಿಕ ನೆರವಿಗೆ 14416 ಎಂಬ ಉಚಿತ ದೂರವಾಣಿ ಸಂಖ್ಯೆಗಳಿವೆ. ವ್ಯಸನಿಯು ತಾನಾಗಿಯೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಕಾನೂನು ಅವನಿಗೆ ರಕ್ಷಣೆಯನ್ನೂ ಕೊಟ್ಟಿದೆ. ಆದುದರಿಂದ ಪೊಲೀಸರ ಭಯದಿಂದ ಚಿಕಿತ್ಸೆಯನ್ನು ಮುಂದೂಡಬಾರದು. ಉಗ್ಗಿನ ಚಿಕಿತ್ಸೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ಅಕ್ಷರವನ್ನು ಮೃದುವಾಗಿ ಆರಂಭಿಸುವುದು, ಧ್ವನಿಯನ್ನು ಎಳೆದು ಆಡುವುದು, ಉಗ್ಗಿದರೂ ಮಾತನ್ನು ಬಿಡದಿರುವುದು, ಇವನ್ನು ವಾಕ್ ತಜ್ಞರು ಕ್ರಮವಾಗಿ ಕಲಿಸುತ್ತಾರೆ. ಎಳೆಯ ಮಕ್ಕಳಲ್ಲಿ ಬೇಗನೆ ಆರಂಭಿಸಿದಷ್ಟೂ ಫಲ ಹೆಚ್ಚು. ದೊಡ್ಡವರಲ್ಲಿ ಉಗ್ಗು ಪೂರ್ತಿ ಹೋಗದಿದ್ದರೂ ಅದರ ದಾಸ್ಯ ಹೋಗಬಲ್ಲದು.

ಮೂರನೆಯದು ಬಸದಿಯ ಟ್ರಸ್ಟುಗಳಿಗೆ ಸಂಬಂಧಿಸಿದ್ದು. ಪಾಠಶಾಲೆಗಳಲ್ಲಿ ಒಂಟಿ ಪಠಣದ ಸ್ಪರ್ಧೆಗಳನ್ನು ಕಡ್ಡಾಯ ಮಾಡಬಾರದು. ಸಾಮೂಹಿಕ ಪಠಣಕ್ಕೆ ಪ್ರಾಧಾನ್ಯ ಕೊಡಬೇಕು. ಉಗ್ಗುವ ಮಗು ತಾನಾಗಿ ಮುಂದೆ ಬಂದರೆ ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿ ಹೇಳಿಸಬಹುದು. ಒಂಟಿಯಾಗಿಯೇ ಹೇಳುವೆನೆಂದರೆ ಎಷ್ಟು ಹೊತ್ತಾದರೂ ಕಾಯಬೇಕು. ‘ನಿಧಾನ’, ‘ಉಸಿರೆಳೆದುಕೋ’ ಎಂಬ ಉಪದೇಶ ಬೇಡ. ಅವನ ಮುಖವನ್ನು ಸಹಜವಾಗಿ ನೋಡುತ್ತ, ಹೇಗೆ ಹೇಳಿದನೆಂಬುದನ್ನು ಬಿಟ್ಟು ಏನು ಹೇಳಿದನೆಂಬುದಕ್ಕೆ ಉತ್ತರ ಕೊಡಬೇಕು. ಇದಕ್ಕೆ ಹಣ ಬೇಕಾಗಿಲ್ಲ, ಕಟ್ಟಡ ಬೇಕಾಗಿಲ್ಲ.

ಆ ತಂದೆಗೆ ನಾನು ಕೊನೆಗೆ ಹೇಳಿದ್ದು ಇಷ್ಟೇ: ಗಾಂಜಾ ಅವನಿಗೆ ಔಷಧವಲ್ಲ, ಬಿಡಲೇಬೇಕು. ಆದರೆ ಅವನೊಬ್ಬನೇ ವ್ರತ ಹಿಡಿದರೆ ಸಾಲದು. ಅವನು ಅಮಲಿಲ್ಲದೆ ಮಾತನಾಡುವ ವ್ರತವನ್ನು ಹಿಡಿಯುವ ದಿನ, ಅವಸರವಿಲ್ಲದೆ ಕೇಳುವ ವ್ರತವನ್ನು ಮನೆಯವರು ಹಿಡಿಯಬೇಕು. ಅವನ ವ್ರತ ಕಠಿಣ, ನಮ್ಮದು ಸುಲಭ. ಆದರೂ ಮುರಿಯುತ್ತ ಬಂದಿರುವುದು ನಮ್ಮದೇ.

ಗೃಹಸ್ಥನಿಗೆ ನಮ್ಮ ಆಚಾರ್ಯರು ಕೊಟ್ಟ ಹೆಸರು ಶ್ರಾವಕ. ಕೇಳುವವನು ಎಂಬುದು ಅದರ ಅರ್ಥ. ಗುರುವಿನ ಉಪದೇಶವನ್ನು ಕೇಳುವ ಕಿವಿಗೆ ಮಗನ ತಡೆದ ಮಾತನ್ನು ಕೇಳುವ ತಾಳ್ಮೆ ಇಲ್ಲವಾದರೆ ಆ ಹೆಸರು ಯಾವ ಅರ್ಥದಲ್ಲಿ ಸಲ್ಲುತ್ತದೆಂಬುದನ್ನು ಧರ್ಮಬಂಧುಗಳು ಚಿಂತಿಸಬೇಕೆಂದು ಪ್ರಾರ್ಥಿಸುತ್ತೇನೆ.